ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ಕೂತಾಗ

ಬಿ.ಎ. ಓದಲು ಧಾರವಾಡಕ್ಕೆ ಬಂದಾಗ ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ರೋಣದ ಹತ್ತಿರದ ಹಳ್ಳಿ ನಮ್ಮದು, ಪಿಯುಸಿವರೆಗೂ ಕನ್ನಡ ಮೀಡಿಯಂ. ದಿನಾ ಒಂದು ಪುಟ ಬರಿ, ತಾನೇ ಬರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಏನು ಬರೀಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಒಂದು ಕೋಚಿಂಗ್ ಕ್ಲಾಸಿನಲ್ಲಿ ಐವತ್ತು ವಿಷಯಗಳ ಝೆರಾಕ್ಸ್ ಪಟ್ಟಿ ಕೊಟ್ಟಿದ್ದರು. ಪರಿಸರ ಮಾಲಿನ್ಯ, ಮೊಬೈಲಿನ ಲಾಭ-ಹಾನಿ, ಶಿಕ್ಷಣದ ಮಹತ್ವ. ಮಾಲಿನ್ಯದಿಂದ ಶುರು ಮಾಡಿದೆ. ಮೂರು ಸಾಲಿಗೆ ನನ್ನ ಸರಕು ಮುಗಿಯಿತು. ಗೈಡ್ ತೆಗೆದು ಉಳಿದದ್ದನ್ನು ಇಳಿಸಿಕೊಂಡೆ. ಪುಟ ತುಂಬಿತು, ಒಂದು ತಪ್ಪೂ ಇರಲಿಲ್ಲ. ಹೇಗಿರುತ್ತೆ, ಬರೆದವಳು ನಾನೇ ಅಲ್ಲವಲ್ಲ.

ಒಂದು ರವಿವಾರ ಮೆಸ್ಸಿನ ಒಣಕಲು ರೊಟ್ಟಿ ನೋಡಿ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ, ಅವ್ವ ಜೋಳದ ರೊಟ್ಟಿ ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಎರಡನೇ ಸಾಲಿಗೇ ಸಿಕ್ಕಿಬಿದ್ದೆ. ಹಿಟ್ಟು ನಾದುವುದಕ್ಕೆ ಏನಂತಾರೆ? ಡಿಕ್ಷನರಿಯಲ್ಲಿ ‘ನೀಡ್’ ಸಿಕ್ಕಿತು. ‘ಬೇಕು’ ಅನ್ನೋ ಅರ್ಥದ ನೀಡ್ ಕೂಡ ಕಿವಿಗೆ ಹೀಗೇ ಕೇಳುತ್ತೆ. ಆದರೆ ಈ ನೀಡ್‌ನ ಸ್ಪೆಲ್ಲಿಂಗ್ ಬೇರೆ, ಮುಂದೆ ಒಂದು ‘ಕೆ’ ಸುಮ್ನೆ ಕೂತಿರುತ್ತೆ. ಸಾಲದ್ದಕ್ಕೆ ನಮ್ಮ ಕಡೆ ತಾಟಿಗೆ ಬಡಿಸುವುದಕ್ಕೂ ನೀಡೋದು ಅಂತಾರೆ. ಆ ಪದ ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ನೀರಿನ ಅಳತೆ ಗೊತ್ತಿರಲಿಲ್ಲ. ಫೋನ್ ಹಚ್ಚಿದೆ.

“ಅವ್ವಾ, ಎಸರು ಎಷ್ಟು ಹಾಕ್ತಿ?”

“ಹಿಟ್ಟು ಕೇಳಿದಷ್ಟು.”

“ಹಂಗಲ್ಲಬೇ, ಅಳತಿ ಹೇಳು. ಬರೀಬೇಕು ನಾ.”

“ರೊಟ್ಟಿ ಬಡಿಯೂದ್ ಕಲಿ ಅಂದ್ರ ಬರಕೋತ ಕುಂತಿಯೇನ?”

‘ಹಿಟ್ಟು ಕೇಳಿದಷ್ಟು’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದೆ. ನಮ್ಮ ಇಂಗ್ಲಿಷ್ ಮೇಡಂ ಪುಟದ ತುಂಬ ಕೆಂಪು ಗೆರೆ ಎಳೆದರು. ಆ ಸಾಲಿನ ಪಕ್ಕ ಮಾತ್ರ ‘ಇದನ್ನು ತಿದ್ದಬೇಡ’ ಅಂತ ಬರೆದಿದ್ದರು.

ಕೆಂಪು ಗೆರೆಗಳಲ್ಲಿ ಜಾಸ್ತಿ ಇದ್ದದ್ದು ‘ಎ’ ಮತ್ತು ‘ದ’ ತಪ್ಪುಗಳು. ಕನ್ನಡದಲ್ಲಿ ಈ ರಗಳೆಯೇ ಇಲ್ಲ. ಶಾಲೆಯಲ್ಲಿ ನಿಯಮ ಬಾಯಿಪಾಠ ಮಾಡಿದ್ದೆ, ತಲೆಗೆ ಹತ್ತಿರಲಿಲ್ಲ. ಇಲ್ಲಿ ಕಣ್ಣೆದುರಿಗೇ ಹಂಚು ಇತ್ತು. ಮೊದಲ ಸಲ ಹೇಳಿದಾಗ ಓದುವವರಿಗೆ ಅದು ಯಾವುದೋ ಒಂದು ಹಂಚು, ಅದಕ್ಕೆ ‘ಎ’. ಎರಡನೇ ಸಲ ಹೇಳುವ ಹೊತ್ತಿಗೆ ಅದು ನಮ್ಮವ್ವನ ಒಲೆ ಮೇಲೆ ಕಾಯುತ್ತಿರುವ ಅದೇ ಹಂಚು, ಅದಕ್ಕೆ ‘ದ’. ಮಾಲಿನ್ಯದ ಪ್ರಬಂಧದಲ್ಲಿ ಇದು ತಿಳಿಯುವುದು ಸಾಧ್ಯವೇ ಇರಲಿಲ್ಲ.

ಆಮೇಲೆ ವಿಷಯ ಹುಡುಕುವ ರೀತಿಯೇ ಬದಲಾಯಿತು. ಯಾವ ವ್ಯಾಕರಣ ಕಾಡುತ್ತಿದೆಯೋ ಅದನ್ನು ಬೇಡುವ ವಿಷಯ ಆರಿಸಿಕೊಳ್ಳತೊಡಗಿದೆ. ಭೂತಕಾಲ ಬೇಕಿದ್ದಾಗ, ಹಬ್ಬಕ್ಕೆ ಊರಿಗೆ ಹೋಗುವಾಗ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ ಕಥೆ ಬರೆದೆ. ‘ಥ್ರೋ’ಗೆ ‘ಥ್ರೋಡ್’ ಅಂತ ಬರೆದು ‘ಥ್ರೂ’ ಅಂತ ತಿದ್ದಿಸಿಕೊಂಡೆ. ಸೀಟನ್ನು ‘ಕ್ಯಾಚ್’ ಮಾಡೋದಿಲ್ಲ, ‘ಸೇವ್’ ಮಾಡುತ್ತಾರೆ ಅಂತಲೂ ಆಗಲೇ ತಿಳಿದದ್ದು. ಹೋಲಿಕೆಯ ಪದಗಳು ಗೊಂದಲ ಆದಾಗ ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಹಿಡಿದೆ. 2023ರಲ್ಲಿ ಉದ್ಘಾಟನೆಯಾದದ್ದು, 1,507 ಮೀಟರ್. ಅದಕ್ಕೂ ಮೊದಲು ಅತಿ ಉದ್ದದ ಪ್ಲಾಟ್‌ಫಾರ್ಮಿನ ದಾಖಲೆ ಗೋರಖಪುರದ್ದು, 1,366 ಮೀಟರ್. ಉದ್ದ, ಅದಕ್ಕಿಂತ ಉದ್ದ, ಎಲ್ಲಕ್ಕಿಂತ ಉದ್ದ, ಮೂರೂ ಒಂದೇ ಪುಟದಲ್ಲಿ ಬಂದವು. ಬ್ಯಾಗ್ ಹೊತ್ತು ಆ ತುದಿಯವರೆಗೆ ನಡೆದ ಕಾಲುನೋವೂ ಬಂತು.

ಬ್ಯಾಡಗಿ ಮೆಣಸಿನಕಾಯಿ ನನ್ನ ವಿಷಯ ಅಲ್ಲ, ರೂಮ್‌ಮೇಟ್‌ದು. ಅವಳ ಊರು ಬ್ಯಾಡಗಿ. ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಒಣಗಿಸಲಾಗುತ್ತೆ, ಆರಿಸಲಾಗುತ್ತೆ, ಮಾರಲಾಗುತ್ತೆ ಅಂತ ಕರ್ಮಣಿ ಪ್ರಯೋಗ ಸಾಲುಗಟ್ಟಿ ಬಂತು. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನೋದು ನನಗೆ ಗೊತ್ತಿತ್ತು. ಆ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ ಅಂತ ಗೊತ್ತಿರಲಿಲ್ಲ. ಒಂದೇ ಪುಟಕ್ಕೆ ಹೊಸ ಪದ ಇಪ್ಪತ್ತು ದಾಟಿದವು, ಸುಸ್ತಾಯಿತು. ಅದನ್ನು ಮೂರು ಪುಟ ಮಾಡಿ ಮೂರು ದಿನ ಬರೆದೆ. ಏಳೆಂಟು ಹೊಸ ಪದಕ್ಕಿಂತ ಜಾಸ್ತಿ ಬೇಡುವ ವಿಷಯವನ್ನು ಈಗಲೂ ಹೀಗೇ ಒಡೆಯುತ್ತೇನೆ.

ಬರೆಯುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಅದರ ಬಗ್ಗೆ ಅವ್ವನಿಗೆ ಫೋನಿನಲ್ಲಿ ಐದು ನಿಮಿಷ ಕನ್ನಡದಲ್ಲಿ ಹೇಳಬಲ್ಲೆನಾ? ಎರಡೇ ನಿಮಿಷಕ್ಕೆ ಮಾತು ನಿಂತರೆ ಆ ವಿಷಯ ಬಿಡುತ್ತೇನೆ. ಕನ್ನಡದಲ್ಲೇ ಇಲ್ಲದ್ದು ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು?

ಈ ಪರೀಕ್ಷೆ ಒಂದು ಕಡೆ ಕೈಕೊಟ್ಟಿತು. ಸಾಧನಕೇರಿಗೆ ಹೋಗಿ ಬೇಂದ್ರೆಯವರ ಮನೆ ನೋಡಿ ಬಂದ ದಿನ ಅವ್ವನ ಹತ್ತಿರ ಅರ್ಧ ತಾಸು ಮಾತಾಡಿದ್ದೆ. ರಾತ್ರಿ ಬರೆಯಲು ಕೂತರೆ, ಅವರ ಪದ್ಯ ಯಾಕೆ ಅಷ್ಟು ಹಿಡಿಸುತ್ತೆ ಅಂತ ಹೇಳಲು ನನ್ನ ಹತ್ತಿರ ಇದ್ದದ್ದು ‘ವೆರಿ ನೈಸ್’ ಒಂದೇ. ನಾಲ್ಕು ಸಲ ಬರೆದು ನಾಲ್ಕೂ ಸಲ ಹೊಡೆದು ಹಾಕಿದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ವಿಷಯಗಳ ಪಟ್ಟಿ ಇದೆ. ಮುಗಿದದ್ದಕ್ಕೆ ರೈಟ್ ಹಾಕುತ್ತೇನೆ. ಸಾಧನಕೇರಿಯ ಮುಂದೆ ಇನ್ನೂ ಹಾಕಿಲ್ಲ.