ಜೋಳದ ಕೋಣೆಯಲ್ಲಿ ಬಂಗ್ಗಾಯ್ ಮರಿಗಳು

ಮೊನ್ನೆ ಎಣಿಸಿದಾಗ ಬಂಗ್ಗಾಯ್ ಕಾರ್ಡಿನಲ್ ಮೀನಿನ 31 ಮರಿ ಇದ್ದವು. ಇದು ಸಮುದ್ರದ ಮೀನು, ಗಂಡು ಮೊಟ್ಟೆನ ಬಾಯಲ್ಲೇ ಇಟ್ಕೊಂಡು ಮರಿ ಮಾಡುತ್ತೆ. ಎರಡೂವರೆ ತಿಂಗಳಾಗಿದೆ, ಒಂದೊಂದೂ ಇಂಚಿನ ಹತ್ರ ಬಂದಿವೆ. ಗಂಡು ಬಾಯಿಂದ ಬಿಟ್ಟಿದ್ದು 38, ಅಥವಾ 39 ಇರಬೇಕು. ಅಂದ್ರೆ ಹೋಗಿದ್ದು ಏಳೆಂಟು ಅಷ್ಟೇ. ಕಲಬುರಗಿಯಲ್ಲಿ, ಮನೆಯಲ್ಲಿ, ಚಿಲ್ಲರ್ (ಟ್ಯಾಂಕ್ ನೀರು ತಂಪು ಮಾಡೋ ಯಂತ್ರ) ಇಲ್ಲದೆ. ಇದನ್ನ ಬರೆಯೋಕೆ ಕೂತಿದ್ದೇ ಅದಕ್ಕೆ.

"ಗುಲ್ಬರ್ಗಾದಲ್ಲಿ ಮರೀನ್ ಟ್ಯಾಂಕಾ? ಸುಮ್ನೆ ಗಪ್ಪಿ ಸಾಕಿ" ಅಂದವರು ಒಬ್ಬಿಬ್ಬರಲ್ಲ. ಮುಂಬೈಯಲ್ಲಿ ನನಗೆ ಮೀನು ಮಾರಿದವನೇ ದುಡ್ಡು ಎಣಿಸ್ಕೊಂಡು ನಕ್ಕಿದ್ದ. ನಮ್ಮ ಕಾಕಾ ಮನೆಗೆ ಬಂದಾಗೆಲ್ಲ ಒಂದೇ ಮಾತು: "ತಮ್ಮಾ, ಸಮುದ್ರ ನೋಡೂ ಆಸೆ ಇದ್ರ ಗೋವಾಕ್ಕ ಹೋಗಿ ಬಾ. ಮನ್ಯಾಗ ಉಪ್ಪನೀರ ಇಟ್ಕೊಂಡು ಏನ್ ಮಾಡ್ತಿ?"

ಮೊದಲ ಸಲ ಆರು ಮೀನು ತಂದೆ. ಒಂದಕ್ಕೆ 900 ರೂಪಾಯಿ ಹತ್ರ ಬಿತ್ತು ಅಂತ ನೆನಪು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಥರ್ಮಾಕೋಲ್ ಡಬ್ಬಿ ತೊಡೆ ಮೇಲಿಟ್ಕೊಂಡು ಹತ್ತು ತಾಸು ಕೂತಿದ್ದೆ. ಎಲ್ಲಾ ಜೀವಂತ ಬಂದವು, ನನಗೋ ಜಂಬ. ಹದಿನೈದು ದಿನದಲ್ಲಿ ನಾಲ್ಕು ಹೋದವು. ಮೈ ಕಪ್ಪಾಗೋದು, ಮೂಲೆಯಲ್ಲಿ ನಿಲ್ಲೋದು, ಬಿಳಿ ದಾರದಂಥ ಹೇಲು, ಆಮೇಲೆ ಊಟ ಬಿಡೋದು. ಸಮುದ್ರದಿಂದ ಹಿಡಿದ ಬಂಗ್ಗಾಯ್‌ಗಳಲ್ಲಿ ಇರಿಡೋವೈರಸ್ ಅನ್ನೋ ರೋಗದ ವೈರಸ್ ಬರುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅದಕ್ಕೆ ಔಷಧಿ ಇಲ್ಲ. ಎರಡನೇ ಸಲ ಟ್ಯಾಂಕಲ್ಲೇ ಹುಟ್ಟಿದ ಮರಿಗಳೇ ಬೇಕು ಅಂತ ಹಟ ಹಿಡಿದೆ, ಒಂದಕ್ಕೆ 400 ಜಾಸ್ತಿ ಕೊಟ್ಟೆ. ಈ ಮೀನು ಇಂಡೋನೇಷ್ಯಾದ ಸುಲಾವೆಸಿ ಪಕ್ಕದ ಬಂಗ್ಗಾಯ್ ದ್ವೀಪಗಳದ್ದು. ಅಲ್ಲಿಂದ ಹಿಡಿದು ಹಿಡಿದು 2007ರಲ್ಲೇ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಇದನ್ನ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಆ 400ಕ್ಕೆ ನನಗೆ ಬೇಜಾರಿಲ್ಲ.

ಈಗ ಬಿಸಿಲಿನ ವಿಷಯ. ಎಲ್ಲರೂ ಹೆದರಿಸಿದ್ದು ಇದಕ್ಕೇ. ಮೊದಲು ಟ್ಯಾಂಕ್ ಮೇಲಿನ ಮನೆ ಹಾಲ್‌ನಲ್ಲಿತ್ತು, ಆರ್‌ಸಿಸಿ ಛಾವಣಿ. ಮೇ ತಿಂಗಳು ಹೊರಗೆ 43, ಟ್ಯಾಂಕ್‌ನಲ್ಲಿ 32. ಬಾಯಲ್ಲಿ ಮೊಟ್ಟೆ ಇಟ್ಕೊಂಡಿದ್ದ ಗಂಡು ಎರಡೇ ದಿನಕ್ಕೆ ನುಂಗಿಬಿಡ್ತು. ಚಿಲ್ಲರ್ ಬೆಲೆ ಕೇಳಿದೆ, 35 ಸಾವಿರ ಅಂದ್ರು. ಅಷ್ಟೊತ್ತಿಗೆ ಟ್ಯಾಂಕು, ಸ್ಕಿಮ್ಮರು (ನೀರಿನ ಕೊಳೆ ತೆಗೆಯೋದು), ಕಲ್ಲು, ಲೈಟು, ಇನ್ವರ್ಟರು ಅಂತ 60 ಸಾವಿರ ದಾಟಿತ್ತು, ಮನೆಯಲ್ಲಿ ಹೇಳಿದ್ದು 25.

ಆಗ ಕಣ್ಣು ಬಿದ್ದಿದ್ದು ಕೆಳಗಿನ ಹಳೇ ಮನೆ ಮೇಲೆ. ಒಂದೂವರೆ ಮೊಳದ ಕಲ್ಲಿನ ಗೋಡೆ, ಅವ್ವ ಜೋಳದ ಚೀಲ ಇಡೋ ಕೋಣೆ. ಹೊರಗೆ ಬೆಂಕಿ ಬಿದ್ದಿದ್ರೂ ಒಳಗೆ 33 ದಾಟೋದಿಲ್ಲ. ಚೀಲ ಸರಿಸೋಕೆ ಅವ್ವನ ಕಡೆಯಿಂದ ಒಂದು ವಾರ ಬೈಸಿಕೊಂಡೆ. ಟ್ಯಾಂಕ್ ಇಳಿಸಿ, ನೀರಿನ ಮೇಲೆ ಅಡ್ಡ ಗಾಳಿ ಬೀಸೋ ಹಾಗೆ ಕಂಪ್ಯೂಟರಿನ ಎರಡು ಫ್ಯಾನ್ ಕಟ್ಟಿದೆ. 27, 28ಕ್ಕೆ ನಿಂತುಬಿಡ್ತು! ಮುಂಬೈಯವನು "ಫ್ಯಾನ್‌ನಿಂದ ಒಂದು ಡಿಗ್ರಿನೂ ಇಳಿಯಲ್ಲ" ಅಂದಿದ್ದ. ಅವನೂರಲ್ಲಿ ಅಷ್ಟಾಗಿ ಇಳಿಯಲ್ಲ, ನಿಜ, ಗಾಳಿಯೇ ಒದ್ದೆ. ನಮ್ಮದು ಒಣ ಬಿಸಿಲು, ನೀರು ಬೇಗ ಆವಿಯಾಗುತ್ತೆ, ಅದೇ ತಂಪು ಮಾಡುತ್ತೆ. ಮಡಕೆ ನೀರು ಕುಡಿದು ಬೆಳೆದ ನಮಗೆ ಇದು ಹೊಸದಾ?

ಆದ್ರೆ ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಹೋಗುತ್ತೆ. 180 ಲೀಟರಿನ ಟ್ಯಾಂಕ್‌ಗೆ ಅದು ಜಾಸ್ತಿನೇ. ಒಂದು ಮದುವೆಗೆ ಅಂತ ಬೀದರಿಗೆ ಹೋಗಿ ಮೂರು ದಿನ ಬಿಟ್ಟು ಬಂದೆ. ಆರ್‌ಓ ನೀರು ಹಾಕೋರು ಯಾರೂ ಇರಲಿಲ್ಲ, ನೀರಿನ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಹಿಡಿದು ನೋಡಿದ್ರೆ 1.028 ದಾಟಿತ್ತು, ಅಂದ್ರೆ ಉಪ್ಪು ಜಾಸ್ತಿ. ಈಗ ಫ್ಲೋಟ್ ವಾಲ್ವ್ ಹಾಕಿದ್ದೇನೆ, ನೀರು ಇಳಿದಷ್ಟೂ ತಾನಾಗೇ ತುಂಬುತ್ತೆ. ನಮ್ಮ ಬೋರ್ ನೀರು ಟಿಡಿಎಸ್ (ನೀರಲ್ಲಿ ಕರಗಿದ ಲವಣ) 1200ರ ಮೇಲೆ. ಅದಕ್ಕೇ ಆರ್‌ಓ ಯಂತ್ರದ ಮೆಂಬ್ರೇನ್ ಎಂಟು ತಿಂಗಳಿಗೆ ಮುಗಿಯುತ್ತೆ. ಹೊರಗೆ ಹೋಗೋ ನೀರಲ್ಲಿ ಅವ್ವ ಅಂಗಳದ ಫರ್ಸಿ ತೊಳೀತಾಳೆ, ಅಷ್ಟಾದ್ರೂ ಲಾಭ.

ಜೋಡಿ ಆಗಿದ್ದು ತಾನಾಗೇ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನ ಅಟ್ಟೋಕೆ ಶುರು ಮಾಡಿದ ದಿನವೇ ಉಳಿದವನ್ನ ತೆಗೆದೆ. ಗಂಡು ಮೊದಲೆರಡು ಸಲ ಮೊಟ್ಟೆ ನುಂಗುತ್ತೆ, ಬೇಜಾರಾಗಬೇಡಿ, ಕಲಿಯುತ್ತೆ. ಮೂರನೇ ಸಲ 26 ದಿನ ಹಿಡ್ಕೊಂಡು ನಿಂತಿತ್ತು. ದವಡೆ ಕೆಳಗೆ ಚೀಲದ ಹಾಗೆ ಉಬ್ಬಿ, ಆಗಾಗ ಬಾಯಿ ಅರ್ಧ ತೆರೆದು ಮೊಟ್ಟೆ ಹೊರಳಿಸುತ್ತೆ. ಕಡೇ ದಿನಗಳಲ್ಲಿ ಟಾರ್ಚ್ ಹಿಡಿದ್ರೆ ಬಾಯೊಳಗೆ ಸಣ್ಣ ಬೆಳ್ಳಿ ಕಣ್ಣುಗಳು ನನ್ನನ್ನೇ ನೋಡ್ತಿದ್ದವು. ಅಷ್ಟೂ ದಿನ ಉಪವಾಸ. ಶಿವರಾತ್ರಿ ಒಂದು ದಿನ ಮಾಡೋಕೆ ಒದ್ದಾಡೋರು ನಾವು.

ಆ ಸಲ ಮರಿ ಬಿಟ್ಟಿದ್ದು ರಾತ್ರಿ, ದೊಡ್ಡ ಟ್ಯಾಂಕ್‌ನಲ್ಲೇ. ಬೆಳಿಗ್ಗೆ ಸಿಕ್ಕಿದ್ದು ಎರಡು. ಉಳಿದವನ್ನ ತಿಂದು ಆ ಮರಿಗಳ ಅಪ್ಪ ಅವ್ವನೇ ಹೊಟ್ಟೆ ತುಂಬಿಸ್ಕೊಂಡು ನಿಂತಿದ್ದವು. ಆಮೇಲಿನ ಸಲಗಳಲ್ಲಿ, ಮೊಟ್ಟೆ ಹಿಡಿದ ಸುಮಾರು 20ನೇ ದಿನಕ್ಕೆ ಗಂಡನ್ನ ಬೇರೆ ಟ್ಯಾಂಕ್‌ಗೆ ಒಯ್ಯೋಕೆ ಶುರು ಮಾಡಿದೆ. ಬಲೆ ಹಾಕಿದ್ರೆ ಉಗುಳುತ್ತೆ. ನಾನು ಉಗುಳಿಸದೆ ಹೇಗೆ ಎತ್ತುತ್ತೇನೆ ಅನ್ನೋದನ್ನ ಬರೆಯಲ್ಲ, ಎರಡು ಸಲದ ಮರಿ ಕಳ್ಕೊಂಡು ಕಲಿತಿದ್ದು. ರಾತ್ರಿ ಮಾಡ್ತೇನೆ, ಅಷ್ಟು ಹೇಳ್ತೇನೆ.

ಮರಿಗಳಿಗೆ ಅಡಗೋಕೆ ಅರ್ಚಿನ್ ಅನ್ನೋ ಉದ್ದ ಮುಳ್ಳಿನ ಸಮುದ್ರಜೀವಿ ಬೇಕು, ನನ್ನ ಹತ್ರ ಇಲ್ಲ. ಆ ಮುಳ್ಳಿನ ಬದಲು ಮೊದಲು ಕಸಬರಿಗೆ ಕಡ್ಡಿ ಪಿವಿಸಿ ಮುಚ್ಚಳಕ್ಕೆ ಚುಚ್ಚಿಟ್ಟೆ. ನಾಲ್ಕೇ ದಿನಕ್ಕೆ ನೀರು ಚಹಾ ಬಣ್ಣ, ವಾಸನೆ ಬೇರೆ. ಆಮೇಲೆ ಕರಿ ಕೇಬಲ್ ಟೈ ತಂದು ಅದೇ ಮುಚ್ಚಳಕ್ಕೆ ತೂತು ಹಾಕಿ ನಿಲ್ಲಿಸಿದೆ. 80 ರೂಪಾಯಿ. ಮರಿಗಳು ಬಂದ ದಿನವೇ ಅದರೊಳಗೆ ಸೇರಿ ಸಾಲಾಗಿ ನಿಂತವು.

ಮರಿಗಳು ಹುಟ್ಟುವಾಗಲೇ ದೊಡ್ಡವರ ನಕಲು, ಪಟ್ಟೆ ಸಮೇತ. ರೋಟಿಫರ್ (ತೀರಾ ಸಣ್ಣ ಮರಿಗಳಿಗೆ ಹಾಕೋ ಸೂಕ್ಷ್ಮ ಜೀವಿ) ತಲೆನೋವಿಲ್ಲ, ಮೊದಲ ದಿನದಿಂದ ಆರ್ಟೀಮಿಯಾ (ಸಿಗಡಿ ಥರದ ಪುಟ್ಟ ಜೀವಿಯ ಮರಿ) ತಿಂತಾವೆ. ಹಾಗಂತ ನಂಬಿ ನಾಲ್ಕನೇ ಸಲ ಬರೀ ಅದನ್ನೇ ಹಾಕಿದೆ. ಮೂರು ವಾರ ಚೆನ್ನಾಗಿದ್ದವು. ಒಂದು ಬೆಳಿಗ್ಗೆ ಲೈಟ್ ಹಾಕಿದೆ, ಹತ್ತು ಹನ್ನೆರಡು ಮರಿ ಗಿರಗಿರ ತಿರುಗಿ ತಳಕ್ಕೆ ಬಿದ್ದು ಸತ್ತವು, ಕಣ್ಣೆದುರೇ. ಊಟದಲ್ಲಿ ಒಮೆಗಾ-3 ಥರದ ಕೊಬ್ಬಿನಾಮ್ಲ ಕಡಿಮೆ ಇದ್ರೆ, ಥಟ್ಟನೆ ಬೆಳಕು ಬಿದ್ದಾಗ ಹೀಗೆ ಹೆದರಿ ಸಾಯ್ತಾವೆ. ಅದಕ್ಕೆ ಆರ್ಟೀಮಿಯಾಗೆ ತಿನ್ನಿಸೋಕೆ ಆ ಕೊಬ್ಬಿರೋ ಎನ್‌ರಿಚ್‌ಮೆಂಟ್ ಎಣ್ಣೆ ಹಾಕಿದೆ. ಮತ್ತೆ ಸತ್ತವು! ಯಾಕಂದ್ರೆ ಆರ್ಟೀಮಿಯಾ ಮೊಟ್ಟೆಯಿಂದ ಹೊರಬಂದ ತಕ್ಷಣ ನಾನು ಎಣ್ಣೆ ಹಾಕ್ತಿದ್ದೆ. ಆಗ ಅವಕ್ಕೆ ಬಾಯೇ ತೆರೆದಿರಲ್ಲ. ಒಂದು ಸಲ ಪೊರೆ ಬಿಟ್ಟ ಮೇಲೆ, ಎಂಟು ಹತ್ತು ತಾಸು ಕಳೆದು ತಿನ್ನೋಕೆ ಶುರು ಮಾಡ್ತಾವೆ. ಈಗ ಒಂದು ಬಾಟಲಿ ಒಡೆಸೋಕೆ, ಇನ್ನೊಂದು ತಿನ್ನಿಸೋಕೆ. ಎಣ್ಣೆ ಜೊತೆ ಇನ್ನೊಂದು ಸೇರಿಸ್ತೇನೆ, ಅದು ನನ್ನ ಹತ್ರನೇ ಇರಲಿ. ಮರಿ ಹೆದರದಿರಲಿ ಅಂತ ರಾತ್ರಿಯಿಡೀ ಝೀರೋ ಬಲ್ಬ್ ಉರಿಯುತ್ತೆ, ಬೆಳಿಗ್ಗೆ ಮೊದಲು ಕಿಟಕಿ ತೆರೆದು, ಅರ್ಧ ತಾಸು ಬಿಟ್ಟು ಲೈಟ್.

ನಡುವೆ ಪೈಜಾಮಾ ಕಾರ್ಡಿನಲ್ ಅನ್ನೋ ಇನ್ನೊಂದು ಮೀನಿನ ಮೇಲೂ ಕೈಯಾಡಿಸಿದೆ. ಅದೂ ಬಾಯಲ್ಲೇ ಇಡುತ್ತೆ, ಆದ್ರೆ ಬಿಡೋದು ಕಣ್ಣಿಗೆ ಕಂಡೂ ಕಾಣದಂಥ ಲಾರ್ವಾ, ಅಂದ್ರೆ ಇನ್ನೂ ಪೂರ್ತಿ ಮೀನಿನ ರೂಪ ಬರದ ಮರಿ. ನಾಲ್ಕನೇ ದಿನಕ್ಕೆ ಬಕೆಟ್ ಖಾಲಿ. ರೋಟಿಫರ್ ಕಲ್ಚರ್‌ಗೆ ಸುರಿದ ಎರಡು ಸಾವಿರ ನೀರಿಗೆ ಹೋಯ್ತು.

ಹೋದ ವಾರ ಆ ಮುಂಬೈಯವನ ಫೋನ್ ಬಂತು, ಇಪ್ಪತ್ತು ಮರಿ ಬೇಕಂತೆ, ಒಂದಕ್ಕೆ 350 ಕೊಡ್ತಾನಂತೆ. 600 ಅಂದೆ. "ಗುಲ್ಬರ್ಗಾ ಮೀನಿಗೆ ಆರುನೂರಾ?" ಅಂದ. ಬೇಕಿದ್ರೆ ಅದೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದು ತಗೊಂಡು ಹೋಗು, ಡಬ್ಬಿ ತೊಡೆ ಮೇಲೆ ಇಟ್ಕೋ ಅಂದೆ. ಇನ್ನೂ ಯೋಚನೆ ಮಾಡ್ತಿದ್ದಾನೆ. ಗಂಡು ಮತ್ತೆ ಬಾಯಿ ತುಂಬಿಸ್ಕೊಂಡಿದೆ, ಇವತ್ತಿಗೆ ಹನ್ನೊಂದನೇ ದಿನ.