ಮಿಂಚುಳ್ಳಿಯ ಬೇಟೆಯನ್ನು ಚಿತ್ರೀಕರಿಸುವವರಿಗೆ

ಬೀಳಗಿ ತಾಲ್ಲೂಕಿನ ಹೆರಕಲ್ ಬಳಿ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಈ ಚಳಿಗಾಲವಿಡೀ ಕಪ್ಪು-ಬಿಳಿ ಮಿಂಚುಳ್ಳಿಯ ಬೇಟೆಯನ್ನು ವಿಡಿಯೊ ಮಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಈ ಹಕ್ಕಿಯು ಧುಮುಕುವ ಮೊದಲು ಕೊಕ್ಕನ್ನು ಕೆಳಗೆ ಚಾಚಿ, ಜೋರಾಗಿ ರೆಕ್ಕೆ ಬಡಿಯುತ್ತ, ನೀರಿನ ಮೇಲೆ ಒಂದೇ ಕಡೆ ಕೆಲವು ಕ್ಷಣ ನಿಲ್ಲುತ್ತದೆ. ಫೋಕಸ್ ಅನ್ನು ಆಗಲೇ ಲಾಕ್ ಮಾಡಿಕೊಳ್ಳಿರಿ. ಅದು ಧುಮುಕಿದ ಮೇಲೆ ಆಟೊ ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿನ ಅಲೆಗಳನ್ನು ಹಿಡಿಯುತ್ತದೆ, ಮತ್ತು ನನ್ನ ಮೊದಲ ತಿಂಗಳ ಬಹುಪಾಲು ದೃಶ್ಯಗಳು ಹಾಗೆಯೇ ಹಾಳಾದವು. ಸೆಕೆಂಡಿಗೆ 120 ಫ್ರೇಮ್ ಇಟ್ಟರೆ ಶಟರ್ ವೇಗ 1/250 ಸೆಕೆಂಡ್ ಇರಲಿ. ಬಿಸಿಲೇರಿದಂತೆ ನೀರಿನ ಮೇಲಿನ ಗಾಳಿ ನಡುಗಿ ಚಿತ್ರ ಮಸುಕಾಗುವುದರಿಂದ, ಬೆಳಗಿನ 9 ಗಂಟೆಯೊಳಗೆ ಕೆಲಸ ಮುಗಿಸುವುದು ಉತ್ತಮ. ದಂಡೆಯ ಮಣ್ಣಿನಲ್ಲಿ ಬಿಲ ಕಂಡರೆ ಅದು ಇವುಗಳ ಗೂಡಾಗಿರಬಹುದು. ದಯವಿಟ್ಟು ಅಲ್ಲಿ ಟ್ರೈಪಾಡ್ ಊರಬೇಡಿರಿ.