ಅದಿರಿಗೆ ಒಂಬತ್ತು ಬಕೆಟ್, ಎರೆ ಮಣ್ಣಿಗೆ ಹದಿನಾಲ್ಕು

ಸಂಡೂರು ಕಡೆ ಅದಿರು ಎತ್ತುತ್ತೇವೆ, ಕೊಪ್ಪಳ ಕಡೆ ಕೆರೆ ಹೂಳು, ಅಂದರೆ ಎರೆ ಮಣ್ಣು. ಎರಡಕ್ಕೂ ಅದೇ ಹಿಟಾಚಿ, ಅದೇ 10 ಚಕ್ರದ ಟಿಪ್ಪರ್. ‘ಎಷ್ಟು ಬಕೆಟ್ ಹಾಕ್ಲಿ ಅಣ್ಣಾ?’ ಅಂತ ಆಪರೇಟರ್ ಕೇಳಿದರೆ ಮಾತ್ರ ಉತ್ತರ ಬೇರೆ ಬೇರೆ.

ನಾನು ಶುರು ಮಾಡೋದು ಟಿಪ್ಪರ್‌ನಿಂದ. ಆರ್‌ಸಿಯಲ್ಲಿ ಒಟ್ಟು ತೂಕ 28 ಟನ್ ಇದೆ. ಟ್ಯಾಂಕ್ ತುಂಬಿಸಿ ಖಾಲಿ ಗಾಡಿ ಕಾಟಾ ಹತ್ತಿಸಿದರೆ ಹತ್ತೂವರೆ ತೋರಿಸುತ್ತದೆ. ಅಂದರೆ ಮಾಲಿಗೆ ಉಳಿದದ್ದು 17.5 ಟನ್. ಬಾಡಿಯಲ್ಲಿ ಎಷ್ಟು ಜಾಗ ಇದೆ ಅನ್ನೋದು ಆಮೇಲಿನ ಮಾತು.

ನಮ್ಮ ಬಕೆಟ್ 0.9 ಘನ ಮೀಟರ್. ಕ್ಯಾಟಲಾಗ್‌ನವರು ಈ ಅಂಕಿ ಕೊಡೋದು ಅಂಚಿನ ಮೇಲೆ ನಿಲ್ಲುವ ಗುಡ್ಡೆಯನ್ನೂ ಸೇರಿಸಿ. ಹಸಿ ಎರೆ ಮಣ್ಣು ಹಾಗೆ ನಿಲ್ಲುತ್ತದೆ, ಇನ್ನೂ ಸ್ವಲ್ಪ ಜಾಸ್ತಿಯೇ. ಬ್ಲಾಸ್ಟ್ ಮಾಡಿದ ಕಲ್ಲು ನಿಲ್ಲಲ್ಲ. ಸಂದಿಯಲ್ಲೆಲ್ಲ ಗಾಳಿ. ಅದಕ್ಕೆ ಮುಕ್ಕಾಲು ಬಕೆಟ್ ಅಂತಲೇ ಹಿಡಿಯುತ್ತೇನೆ.

ಮಾಲಿನ ತೂಕ ಪುಸ್ತಕದಿಂದ ತೆಗೆದುಕೊಳ್ಳಲ್ಲ. ಖಾಲಿ ಎಣ್ಣೆ ಡಬ್ಬ ಸಾಕು. ಅಂಚಿನ ತನಕ ನೀರು ತುಂಬಿ ತೂಗಿ, ಆಮೇಲೆ ಅದೇ ಡಬ್ಬಕ್ಕೆ ಮಾಲು ತುಂಬಿ ತೂಗಿ. ಎರಡರಲ್ಲೂ ಡಬ್ಬದ ತೂಕ ಕಳೆಯಬೇಕು. ಮಾಲಿನ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಬರೋದೇ ಒಂದು ಘನ ಮೀಟರ್‌ಗೆ ಎಷ್ಟು ಟನ್ ಅಂತ. ಡಬ್ಬ ಎಷ್ಟು ಲೀಟರ್ ಅಂತ ತಲೆ ಕೆಡಿಸಿಕೊಳ್ಳೋದೇ ಬೇಡ. ಮಾಲು ಸಡಿಲವಾಗಿಯೇ ಇರಲಿ, ಕುಟ್ಟಬೇಡಿ. ದೊಡ್ಡ ಲಂಪ್ಸ್‌ಗೆ, ಅಂದರೆ ಅದಿರಿನ ಗಟ್ಟಿಗಳಿಗೆ ಮಾತ್ರ ಈ ಡಬ್ಬ ಸಾಲದು.

ನಮ್ಮ ಅದಿರಿನ ಫೈನ್ಸ್, ಅಂದರೆ ಪುಡಿ ಅದಿರು, 2.3 ಬಂತು. ಬಕೆಟ್ ತೊಂಬತ್ತು ಪರ್ಸೆಂಟ್ ತುಂಬುತ್ತದೆ ಅಂದರೆ 1.86 ಟನ್. ಒಂಬತ್ತು ಬಕೆಟ್‌ಗೆ 16.8 ಟನ್, ಅಲ್ಲಿಗೆ ನಿಲ್ಲಿಸಬೇಕು. ಹತ್ತನೆಯದು ಬಿದ್ದರೆ ಓವರ್‌ಲೋಡ್. ಒಂಬತ್ತಕ್ಕೆ ನಿಲ್ಲಿಸಿದಾಗ 14 ಘನ ಮೀಟರ್ ಬಾಡಿಯಲ್ಲಿ ಅರ್ಧ ಮಾತ್ರ ತುಂಬಿರುತ್ತದೆ. ಹೊಸಬರಿಗೆ ಅದನ್ನು ನೋಡಿದರೆ ಕೈ ತುರಿಸುತ್ತದೆ. ಹೂಳಿನದು 1.3. ಅದು ಹದಿನಾಲ್ಕು ಬಕೆಟ್ ತನಕ ತಡೆಯುತ್ತದೆ, ಬಾಡಿಯೂ ಹೆಚ್ಚುಕಡಿಮೆ ತುಂಬುತ್ತದೆ.

ಮಳೆ ಬಂದ ಮಾರನೆ ದಿನ ಡಬ್ಬ ಮತ್ತೆ ಹೊರಗೆ ಬರುತ್ತದೆ. ನೀರು ಕುಡಿದ ಫೈನ್ಸ್ ಸುಮ್ನೆ ಬಿಡೋ ಜಾತಿ ಅಲ್ಲ.

ಎರೆ ಮಣ್ಣಿನದು ಇನ್ನೊಂದು ತಕರಾರು. ಬಾಡಿ ಪೂರ್ತಿ ಎತ್ತಿದರೂ ಮೂಲೆಗಳಲ್ಲಿ ಅಂಟಿಕೊಂಡೇ ಇರುತ್ತದೆ, ಸಲಿಕೆ ಹಾಕಿ ಕೆರೆಯಬೇಕು. ಹಾಗಾಗಿ ಹೂಳಿನ ಕೆಲಸದಲ್ಲಿ ಇಳಿಸಿ ಬಂದ ಗಾಡಿಯನ್ನು ಮಧ್ಯೆ ಮಧ್ಯೆ ಕಾಟಾ ಹತ್ತಿಸುತ್ತೇನೆ. ಖಾಲಿ ತೂಕ ಏರಿದ್ದರೆ ಆ ಗಾಡಿಗೆ ಒಂದು ಬಕೆಟ್ ಕಡಿಮೆ.